ಪಾದ ತಣ್ಣಗಿರುತ್ತದಾ ಅಂತ ಕೇಳಿದ ಕ್ಲಿನಿಕ್: ಸಿಂಗಾಪುರದಲ್ಲಿ ನನ್ನ ಏಳು ತಿಂಗಳ ಚೀನೀ ಚಿಕಿತ್ಸೆ

ಮೊದಲ ದಿನ ಅವರು ನನ್ನ ಬಾಲ್ಯದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಬೇರೆಯೇ. ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತದೆ? ಪಾದ ತಣ್ಣಗಿರುತ್ತದಾ? ಕುಡಿಯಲು ಬಿಸಿನೀರು ಇಷ್ಟವೋ, ತಣ್ಣೀರೋ? ಬೆಳಿಗ್ಗೆ ಎದ್ದಾಗ ದವಡೆ ನೋಯುತ್ತದಾ? ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ನುಂಗಿದರೆ ಇಳಿಯಲ್ಲ, ಉಗಿದರೆ ಬರಲ್ಲ, ಹಾಗೇನಾದರೂ ಅನಿಸುತ್ತದಾ?

ಕೊನೆಯ ಪ್ರಶ್ನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಎಂಟನೇ ವಯಸ್ಸಿನಿಂದ ನನ್ನ ಗಂಟಲಲ್ಲಿ ಆ ಗಂಟು ಇದೆ. ಈಗ ನನಗೆ 43. ಎಂಡೋಸ್ಕೋಪಿ ಮಾಡಿಸಿದ್ದೇನೆ, ಥೈರಾಯ್ಡ್ ನೋಡಿಸಿದ್ದೇನೆ. ಏನೂ ಇಲ್ಲ, ಟೆನ್ಶನ್ ಕಮ್ಮಿ ಮಾಡಿಕೊಳ್ಳಿ ಅಂತ ಎಲ್ಲರೂ ಕಳಿಸಿದರು. ಇವರು ಮಾತ್ರ ಅದಕ್ಕೊಂದು ಹೆಸರು ಹೇಳಿದರು. ಮೇ-ಹ-ಛೀ. ಪ್ಲಮ್ ಹಣ್ಣಿನ ಗೊರಟು ಗಂಟಲಲ್ಲಿ ಕೂತ ಹಾಗೆ ಅನಿಸುವ ತೊಂದರೆ. ಸುಮಾರು 1800 ವರ್ಷದ ಹಿಂದೆ, ಹಾನ್ ರಾಜವಂಶದ ಕೊನೆಗಾಲದಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ಇದನ್ನೇ 'ಗಂಟಲಲ್ಲಿ ಸುಟ್ಟ ಮಾಂಸದ ತುಂಡು ಸಿಕ್ಕಿಕೊಂಡ ಹಾಗೆ' ಅಂತ ಬರೆದಿಟ್ಟು, ಔಷಧಿಯನ್ನೂ ಹೇಳಿದ್ದಾನೆ. ಪ್ಲಮ್ ಗೊರಟಿನ ಹೆಸರು ಆಮೇಲೆ ಬಂದದ್ದು. ಅಷ್ಟು ಹಿಂದೆ ಯಾವುದೋ ಊರಿನ ಯಾವುದೋ ಹೆಂಗಸಿಗೂ ನನ್ನ ಹಾಗೇ ಆಗಿತ್ತು ಅಂತ ತಿಳಿದಾಗ ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ನನ್ನ ಪರಿಚಯ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಸಿಂಗಾಪುರಕ್ಕೆ ಬಂದು 14 ವರ್ಷ ಆಯಿತು. ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಈ ಕ್ಲಿನಿಕ್ ಇರುವುದು ಚೈನಾಟೌನ್‌ನಲ್ಲಿ, ಹಳೆಯ ಅಂಗಡಿ ಮನೆಯೊಂದರ ಮಹಡಿ ಮೇಲೆ. ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಯಿಂದ ನಡೆದರೆ ಐದು ನಿಮಿಷ. ಹೆಸರು ಬರೆಯುತ್ತಿಲ್ಲ. ಅಲ್ಲಿ ಇರುವುದು ಒಬ್ಬರೇ ವೈದ್ಯೆ, ವಯಸ್ಸು 60 ದಾಟಿದೆ, ಹೊಸಬರನ್ನು ಜಾಸ್ತಿ ತೆಗೆದುಕೊಳ್ಳಲು ಆಗಲ್ಲ ಅಂದಿದ್ದಾರೆ. ಹಾಗಾಗಿ ಇದು ಆ ಕ್ಲಿನಿಕ್‌ನ ಪ್ರಚಾರ ಅಲ್ಲ. ಇಂಥ ಚಿಕಿತ್ಸೆ ಹೇಗಿರುತ್ತದೆ, ನನಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಇಂಥವರನ್ನು ಡಾಕ್ಟರ್ ಅನ್ನುವುದಿಲ್ಲ, ಫಿಸಿಶಿಯನ್ ಅನ್ನುತ್ತಾರೆ. ಹಳೆಯ ಜನ ಸಿನ್ಸೆ ಅನ್ನುತ್ತಾರೆ. 2000ರಲ್ಲಿ ಇದಕ್ಕೇ ಒಂದು ಕಾನೂನು ಬಂತು. ನೋಂದಣಿ ಇಲ್ಲದವರು ಸೂಜಿ ಹಾಕುವ ಹಾಗಿಲ್ಲ. ಹೋಗುವ ಮುಂಚೆ ನಾನು ಆ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ ನೋಡಿದ್ದೆ. ನೀವೂ ನೋಡಿ.

ಬಾಲ್ಯದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಪ್ಪ ಇಸ್ಪೀಟು ಆಡಿ, ಕುಡಿದು, ರಾತ್ರಿ ಎರಡು ಗಂಟೆಯ ಹೊತ್ತಿಗೆ ಬರುತ್ತಿದ್ದ. ಅಂಗಳದ ಕಬ್ಬಿಣದ ಗೇಟಿನ ಚಿಲಕ ಟಕ್ ಅಂದ ತಕ್ಷಣ ನಾನು ತಮ್ಮನನ್ನು ಎತ್ತಿಕೊಂಡು ಅಟ್ಟ ಹತ್ತುತ್ತಿದ್ದೆ. ಅಡಿಕೆ ಮೂಟೆಗಳ ಹಿಂದೆ ಅವನ ಬಾಯಿಗೆ ಕೈ ಒತ್ತಿಕೊಂಡು ಕೂರುತ್ತಿದ್ದೆ. ಕೆಳಗೆ ಅಮ್ಮನಿಗೆ ಪೆಟ್ಟು ಬೀಳುತ್ತಿತ್ತು. ಒಂದೊಂದು ದಿನ ಅಪ್ಪ ಏಣಿ ಹತ್ತಿ ಮೇಲೂ ಬರುತ್ತಿದ್ದ. ಇದು ಹತ್ತು ವರ್ಷ ನಡೆಯಿತು. ಬೆಳಿಗ್ಗೆ ಅದೇ ಅಪ್ಪ ಜಗಲಿಯಲ್ಲಿ ಕೂತು ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಿದ್ದ.

ಇದಕ್ಕೆ ನಾನು ಒಬ್ಬರು ಕೌನ್ಸೆಲರ್ ಹತ್ತಿರ ಮೂರು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಸಣ್ಣ ಮಾತ್ರೆಯೂ ಇದೆ. ಅದನ್ನು ಮನೋವೈದ್ಯರು ಕೊಟ್ಟಿದ್ದಾರೆ. ಅವರು ಹೇಳಿದ ಕಾಯಿಲೆಯ ಹೆಸರು ಕಾಂಪ್ಲೆಕ್ಸ್ ಪಿಟಿಎಸ್‌ಡಿ, ಅಂದರೆ ತುಂಬಾ ಕಾಲ ನಡೆದ ಆಘಾತದಿಂದ ಮನಸ್ಸಿಗೆ ಉಳಿಯುವ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅದು ಸೇರಿದ್ದೇ ಈಚೆಗೆ, 2022ರಲ್ಲಿ ಜಾರಿಗೆ ಬಂದ 11ನೇ ಆವೃತ್ತಿಯಲ್ಲಿ. ಕೌನ್ಸೆಲಿಂಗ್‌ನಿಂದ ನನಗೆ ತುಂಬಾ ಉಪಕಾರ ಆಗಿದೆ. ಆದರೆ ಒಂದು ಕಡೆ ಬಂದು ನಿಂತುಬಿಟ್ಟಿದ್ದೆ. ನಡೆದದ್ದನ್ನೆಲ್ಲ ಚೆನ್ನಾಗಿ ಹೇಳುತ್ತಿದ್ದೆ, ಪಾಠ ಒಪ್ಪಿಸಿದ ಹಾಗೆ. ಹೇಳುವಾಗ ಮೈ ಮಾತ್ರ ಅಲ್ಲಿರುತ್ತಿರಲಿಲ್ಲ. ಕೌನ್ಸೆಲರ್ ಅವರೇ ಒಮ್ಮೆ, "ಮೈ ಕಡೆಯಿಂದ ಶುರು ಮಾಡುವಂಥದ್ದು ಏನಾದರೂ ನೋಡಿ" ಅಂದರು.

ಆ ಮಾತು ಕೇಳಿ ಮೊದಲು ನಾನು ಹೋದದ್ದು ತಪ್ಪು ಜಾಗಕ್ಕೆ. ಎರಡು ದಿನದ ಒಂದು ಶಿಬಿರ. ದಾವೋ ಮಾರ್ಗದಲ್ಲಿ, ಅಂದರೆ ಚೀನಾದ ಒಂದು ಹಳೆಯ ಧರ್ಮದ ದಾರಿಯಲ್ಲಿ, ನಿಮ್ಮೊಳಗಿನ ಮಗುವನ್ನು ಎಬ್ಬಿಸುತ್ತೇವೆ ಅಂತ ಕರೆದಿದ್ದರು. ಕತ್ತಲೆ ಕೋಣೆಯಲ್ಲಿ ಮಲಗಿಸಿದರು, ಕಣ್ಣು ಮುಚ್ಚಿಸಿದರು, ದೊಡ್ಡ ತಮಟೆ ಬಾರಿಸಿದರು, ಕಿರುಚಿ ಅಂದರು. ಸುತ್ತಲೂ 20 ಜನ ಕಿರುಚುತ್ತಿದ್ದರು. ನಾನು ಮರಗಟ್ಟಿ ಹೋದೆ. ಆಮೇಲೆ ಮೂರು ವಾರ ರಾತ್ರಿ ದೀಪ ಆರಿಸಲು ಆಗಲಿಲ್ಲ. ಇಂಥ ಕಡೆ ಹೋಗುವವರಿಗೆ ಕೈಮುಗಿದು ಕೇಳುತ್ತೇನೆ, ಬಾಗಿಲು ತೆರೆದಿರುತ್ತದಾ, ಬೇಡ ಅನಿಸಿದರೆ ಎದ್ದು ಹೋಗಬಹುದಾ ಅಂತ ಮುಂಚೆಯೇ ಕೇಳಿಕೊಳ್ಳಿ.

ಕ್ಲಿನಿಕ್‌ಗೆ ಕರೆದುಕೊಂಡು ಹೋದದ್ದು ನಮ್ಮ ಮಹಡಿಯ ಪಕ್ಕದ ಮನೆ ಆಂಟಿ. ಅವರ ಮಂಡಿ ನೋವು ಅಲ್ಲೇ ವಾಸಿ ಆಗಿತ್ತು. ಮೆಟ್ಟಿಲು ಹತ್ತುವಾಗಲೇ ನಮ್ಮೂರ ಗ್ರಂಥಿಗೆ ಅಂಗಡಿಯ ವಾಸನೆ ಬಂತು. ಒಣ ಬೇರು, ಚಕ್ಕೆ, ಸ್ವಲ್ಪ ಧೂಳು. ಗೋಡೆ ತುಂಬಾ ಸಣ್ಣ ಸಣ್ಣ ಡ್ರಾಯರ್‌ಗಳ ಕಪಾಟು. ಚೀನೀ ಭಾಷೆಯಲ್ಲಿ ಅದಕ್ಕೆ 'ನೂರು ಮಕ್ಕಳ ಕಪಾಟು' ಅನ್ನುತ್ತಾರಂತೆ. ನನಗೆ ಆ ಹೆಸರು ಬಹಳ ಇಷ್ಟವಾಯಿತು.

ನಾಡಿ ನೋಡಿದ್ದು ನಿಧಾನವಾಗಿ, ಎರಡೂ ಕೈಯಲ್ಲಿ. ಒಂದೊಂದು ಮಣಿಕಟ್ಟಿನಲ್ಲಿ ಮೂರು ಜಾಗ, ಮೂರು ಬೆರಳು. ನಾಲಿಗೆ ಚಾಚಲು ಹೇಳಿ ಅಂಚು ನೋಡಿದರು. "ನಾಡಿ ವೀಣೆ ತಂತಿ ಬಿಗಿದ ಹಾಗಿದೆ" ಅಂದರು. ವೀಣೆ ಅನ್ನುವ ಮಾತು ನನ್ನದು, ಅವರು ಹೇಳಿದ್ದು ತಂತಿ ಅಂತ. ಅದು ಲಿವರ್ ಬಿಗಿಯಾದ ಲಕ್ಷಣ. "ಕಿಡ್ನಿಯೂ ಸೋತಿದೆ" ಅಂದರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಿಡ್ನಿ ಸೋತಿದೆ ಅಂದಾಗ ನಾನು ಗಾಬರಿಯಾಗಿ ಮರುದಿನವೇ ಪಾಲಿಕ್ಲಿನಿಕ್‌ಗೆ ಓಡಿ ರಕ್ತ ಕೊಟ್ಟೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಮುಂದಿನ ಸಲ ಹೇಳಿದಾಗ ಫಿಸಿಶಿಯನ್ ನನ್ನ ಕ್ಷಮೆ ಕೇಳಿದರು. ಅವರ ಶಾಸ್ತ್ರದಲ್ಲಿ ಕಿಡ್ನಿ ಅಂದರೆ ಲ್ಯಾಬಿನಲ್ಲಿ ಅಳೆಯುವ ಕಿಡ್ನಿ ಅಲ್ಲ. ಹುಟ್ಟಿನಿಂದ ಬಂದ ಶಕ್ತಿ, ಸೊಂಟ, ಮೂಳೆ, ಕಿವಿ ಮತ್ತು ಹೆದರಿಕೆ, ಇಷ್ಟನ್ನೂ ಒಂದು ಕಟ್ಟಿನಲ್ಲಿ ಕಟ್ಟಿ ಅದಕ್ಕೆ ಆ ಹೆಸರು ಇಟ್ಟಿದ್ದಾರೆ. ಸಿಟ್ಟು ಲಿವರ್‌ಗೆ, ಖುಷಿ ಹೃದಯಕ್ಕೆ, ಚಿಂತೆ ಸ್ಪ್ಲೀನ್‌ಗೆ (ಗುಲ್ಮಕ್ಕೆ), ದುಃಖ ಶ್ವಾಸಕೋಶಕ್ಕೆ, ಹೆದರಿಕೆ ಕಿಡ್ನಿಗೆ. ಎರಡು ಸಾವಿರ ವರ್ಷ ಹಳೆಯ ಮೂಲಗ್ರಂಥದಲ್ಲಿ, ಸಿಟ್ಟು ಬಂದರೆ ಛೀ ಮೇಲೇರುತ್ತದೆ, ಹೆದರಿದರೆ ಕೆಳಗಿಳಿಯುತ್ತದೆ, ಬೆಚ್ಚಿದರೆ ದಿಕ್ಕೆಡುತ್ತದೆ ಅಂತ ಇದೆ. ಛೀ ಅಂದರೆ ನಾವು ಪ್ರಾಣ ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಅದೇ. ಹೆದರಿದರೆ ಕೆಳಗಿಳಿಯುತ್ತದೆ ಅನ್ನುವುದಕ್ಕೆ ನನಗೆ ಯಾವ ಸಾಕ್ಷಿಯೂ ಬೇಕಿರಲಿಲ್ಲ. ನನ್ನ ತಮ್ಮ ಹತ್ತನೇ ವಯಸ್ಸಿನವರೆಗೂ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಿದ್ದ.

ಮೂರನೇ ಭೇಟಿಯಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ರಾತ್ರಿ ಎರಡಕ್ಕೆ ಎಚ್ಚರ ಆಗುವುದು ನಿಂತಿಲ್ಲ ಅಂದೆ. ಅವರು ವಿವರಿಸಿದರು. ದಿನದ 24 ಗಂಟೆಯನ್ನು 12 ಅಂಗಗಳಿಗೆ ಎರಡೆರಡು ಗಂಟೆ ಅಂತ ಹಂಚಿದ್ದಾರೆ, ರಾತ್ರಿ ಒಂದರಿಂದ ಮೂರು ಲಿವರ್‌ನ ಹೊತ್ತು, ಅಲ್ಲಿ ಬಿಗಿತ ಇದ್ದರೆ ಆ ಹೊತ್ತಿಗೇ ಎಚ್ಚರ ಆಗುತ್ತದೆ. ನಾನು ಕೇಳಿಸಿಕೊಂಡೆ. ಆಮೇಲೆ, ಯಾಕೆ ಹೇಳಿದೆನೋ ಗೊತ್ತಿಲ್ಲ, "ನಮ್ಮಪ್ಪ ಮನೆಗೆ ಬರುತ್ತಿದ್ದದ್ದು ಎರಡು ಗಂಟೆಗೆ" ಅಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಲಿವರ್ ವಿಷಯ ಬಿಡಿ. ನಿಮ್ಮ ಮೈ ಇನ್ನೂ ಅವರನ್ನು ಕಾಯುತ್ತಿದೆ" ಅಂದರು.

ತಮ್ಮ ಶಾಸ್ತ್ರವನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಟ್ಟ ವೈದ್ಯರನ್ನು ನಾನು ನೋಡಿರಲಿಲ್ಲ. ಅಲ್ಲಿಂದ ಮುಂದೆ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಅವತ್ತೂ ಅವರು ಇನ್ನೇನಾಯಿತು, ಹೊಡೆಯುತ್ತಿದ್ದರಾ ಅಂತ ಕೆದಕಲಿಲ್ಲ. ನಿಮಗೆ ಕೌನ್ಸೆಲರ್ ಇದ್ದಾರಲ್ವಾ, ಸಾಯಬೇಕು ಅಂತ ಅನಿಸುತ್ತದಾ, ಮಾತ್ರೆ ಬಿಟ್ಟಿಲ್ಲ ತಾನೆ, ಈ ಮೂರು ಕೇಳಿದರು. ಆಮೇಲೆ ಕಾಲಿನ ಮೇಲೆ ಬಿಸಿ ಟವೆಲ್ ಹಾಕಿದರು.

ಸೂಜಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ನೋಯುತ್ತದಾ ಅಂತ. ಕೂದಲೆಳೆಯಷ್ಟು ಸಣ್ಣ ಸೂಜಿ, ಒಮ್ಮೆ ಬಳಸಿ ಎಸೆಯುವುದು. ಪೊಟ್ಟಣ ನನ್ನ ಎದುರೇ ಒಡೆಯುತ್ತಿದ್ದರು. ಚುಚ್ಚುವಾಗ ಇರುವೆ ಕಚ್ಚಿದಷ್ಟು. ಆಮೇಲೆ ಆ ಜಾಗದಲ್ಲಿ ಭಾರ ಆಗಿ, ಜೋಮು ಹಿಡಿದ ಹಾಗಾಗುತ್ತದೆ. ಅದು ಬಂದರೆ ಸರಿಯಾಗಿ ತಾಗಿದೆ ಅಂತ ಲೆಕ್ಕ. ಮಣಿಕಟ್ಟಿನ ಗೆರೆಯಲ್ಲಿ, ಕಿರುಬೆರಳಿನ ಕಡೆಗೆ ಷೆನ್‌ಮೆನ್ ಅಂತ ಒಂದು ಜಾಗ. ಹೆಸರಿನ ಅರ್ಥ ಚೈತನ್ಯದ ಬಾಗಿಲು. ಮಣಿಕಟ್ಟಿನ ಒಳಮೈಯಲ್ಲಿ ಎರಡು ಸ್ನಾಯುರಜ್ಜುಗಳ (ಟೆಂಡನ್) ನಡುವೆ ನೈಗ್ವಾನ್ ಅಂತ ಇನ್ನೊಂದು ಜಾಗ. ಮಂಡಿ ಕೆಳಗೆ ಒಂದು, ಪಾದದ ಮೇಲೆ ಹೆಬ್ಬೆರಳಿನ ಸಂದಿಯ ಹಿಂದೆ ಒಂದು, ನೆತ್ತಿಯಲ್ಲಿ ಒಂದು. ಅಂಗಾಲಿನ ನಡುವೆ ಇರುವ ಜಾಗದ ಹೆಸರು ಯೊಂಗ್‌ಛ್ವಾನ್, ಚಿಮ್ಮುವ ಊಟೆ ಅಂತ ಅರ್ಥ. ಅವರ ಶಾಸ್ತ್ರದಲ್ಲಿ ಕಿಡ್ನಿಯ ಛೀ ಹರಿಯುವ ದಾರಿ ಶುರುವಾಗುವುದೇ ಅಲ್ಲಿಂದ. ಅಲ್ಲಿ ಸೂಜಿ ಹಾಕಿದರೆ ತುಂಬಾ ನೋವು ಅಂತ ನನಗೆ ಹಾಕಲಿಲ್ಲ. ಬದಲಿಗೆ ಕಾವು ಕೊಟ್ಟರು.

ಆ ಕಾವು ಕೊಡುವ ಬತ್ತಿಯ ಕಥೆ ಹೇಳಬೇಕು. ಒಣ ಎಲೆಯನ್ನು ಪುಡಿ ಮಾಡಿ ಸಿಗಾರಿನ ಹಾಗೆ ಸುತ್ತಿ, ತುದಿಗೆ ಕೆಂಡ ಮಾಡಿ, ಚರ್ಮಕ್ಕೆ ತಾಗದ ಹಾಗೆ ಹತ್ತಿರ ಹಿಡಿಯುತ್ತಾರೆ. ಮೊದಲ ಸಲ ಆ ಹೊಗೆ ಮೂಗಿಗೆ ಬಂದಾಗ ನನಗೆ ಥಟ್ಟನೆ ಗೌರಿ-ಗಣೇಶ ಹಬ್ಬ ನೆನಪಾಯಿತು. ಯಾಕೆ ಅಂತ ತಿಳಿಯಲಿಲ್ಲ. ಮನೆಗೆ ಬಂದು ಹುಡುಕಿದೆ. ಆ ಗಿಡ ನಮ್ಮ ಮಾಚಿಪತ್ರೆಯ ಕುಲದ್ದೇ. ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಒಂದಲ್ವಾ ಅದು. ಹಬ್ಬದ ಹಿಂದಿನ ದಿನ ಪತ್ರೆ ಕೊಯ್ಯಲು ಅಜ್ಜಿ ಜೊತೆ ಹೋಗುತ್ತಿದ್ದೆ. ಅಜ್ಜಿ ಮನೆಯಲ್ಲಿದ್ದ ದಿನಗಳಲ್ಲಿ ಅಪ್ಪ ಕೈ ಎತ್ತುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ಹೆದರಿಕೆ ಇಲ್ಲದ ದಿನಗಳೂ ಇದ್ದವು ಅನ್ನುವುದೇ ನನಗೆ ಮರೆತುಹೋಗಿತ್ತು. ಮೂರು ವರ್ಷ ಕೌನ್ಸೆಲಿಂಗ್‌ನಲ್ಲಿ ಅಜ್ಜಿಯ ಸುದ್ದಿ ಒಮ್ಮೆಯೂ ಬಂದಿರಲಿಲ್ಲ. ಮುಂದಿನ ವಾರ ಅಲ್ಲಿ ಒಂದು ಗಂಟೆ ಪೂರ್ತಿ ಅಜ್ಜಿಯ ಬಗ್ಗೆಯೇ ಮಾತಾಡಿದೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲ್ಲ. ಎರಡನೇ ತಿಂಗಳಲ್ಲಿ ಒಂದು ದಿನ ಎದೆಯ ನಡುವೆ ಸೂಜಿ ಹಾಕಿದರು. ಮಲಗಿದ್ದಾಗ ಏನೂ ಅನಿಸಲಿಲ್ಲ. ರೈಲಿನಲ್ಲಿ ಮನೆಗೆ ಬರುವಾಗ ಅಳು ಶುರುವಾಯಿತು. ಎರಡು ದಿನ ನಿಲ್ಲಲಿಲ್ಲ. ಆಫೀಸಿಗೆ ರಜೆ ಹಾಕಿದೆ. ಹೀಗಾಗಬಹುದು ಅಂತ ಅವರು ಮುಂಚೆ ಹೇಳಬೇಕಿತ್ತು, ಹೇಳಿರಲಿಲ್ಲ. ಕೇಳಿದಾಗ ಒಪ್ಪಿಕೊಂಡರು. ಆಮೇಲೆ ಎದೆಯ ಸೂಜಿ ಹಾಕುವ ಮುಂಚೆ ಪ್ರತಿ ಸಲ ಕೇಳುತ್ತಿದ್ದರು. ಇನ್ನೊಂದು ತೊಂದರೆ ಪರದೆಯದು. ಎರಡು ಹಾಸಿಗೆಗಳ ನಡುವೆ ತೆಳ್ಳಗಿನ ಬಟ್ಟೆ ಅಷ್ಟೇ. ಪಕ್ಕದಲ್ಲಿದ್ದ ಗಂಡಸು ಒಮ್ಮೆ ಜೋರಾಗಿ ಕೆಮ್ಮಿದಾಗ ನಾನು ಸೂಜಿ ಸಮೇತ ಎದ್ದು ಕೂರಲು ಹೋಗಿದ್ದೆ. ಆವತ್ತಿನಿಂದ ಶನಿವಾರ ಬೆಳಿಗ್ಗೆ 11ರ ಸರದಿ ನನ್ನದು, ಆಗ ಪಕ್ಕದ ಹಾಸಿಗೆ ಖಾಲಿ ಬಿಡುತ್ತಾರೆ. ನಮ್ಮಂಥವರು ಇದನ್ನೆಲ್ಲ ಬಾಯಿಬಿಟ್ಟು ಕೇಳಬೇಕು. ನಾಚಿಕೊಳ್ಳಬೇಡಿ.

ಔಷಧಿ ಪುಡಿ ರೂಪದಲ್ಲಿ ಬರುತ್ತದೆ, ಬಿಸಿನೀರಿಗೆ ಹಾಕಿ ಕುಡಿಯುವುದು. ಮೊದಲ ಮೂರು ವಾರ ಗಂಟಲಿನ ಗಂಟಿಗೆ ಒಂದು ಕಷಾಯ. ಅದರಲ್ಲಿ ಶುಂಠಿ ಇದೆ, ಘಾಟು ಜಾಸ್ತಿ. ಅದರ ಮುಖ್ಯ ಗೆಡ್ಡೆಯನ್ನು ಹಸಿಯಾಗಿ ತಿಂದರೆ ವಿಷ, ಸಂಸ್ಕರಿಸಿದ್ದನ್ನೇ ಕೊಡಬೇಕು. ಅಂತರ್ಜಾಲ ನೋಡಿ ನೀವೇ ತರಿಸಿಕೊಳ್ಳುವ ಸಾಹಸ ಬೇಡ. ನಾಡಿ ಸ್ವಲ್ಪ ಸಡಿಲವಾದ ಮೇಲೆ ಎರಡನೆಯದು ಕೊಟ್ಟರು. ಅದನ್ನು ನೋಡಿ ನನಗೆ ಆಶ್ಚರ್ಯ ಆಯಿತು. ಅದರಲ್ಲಿ ಇರುವುದು ಮೂರೇ ಸಾಮಾನು: ಗೋಧಿ, ಅತಿಮಧುರ, ಕೆಂಪು ಖರ್ಜೂರ. ಕಾರಣವಿಲ್ಲದೆ ಅಳು ಬರುವ, ಮತ್ತೆ ಮತ್ತೆ ಆಕಳಿಸುವ, ತನ್ನ ಮೇಲೆ ತನಗೇ ಹತೋಟಿ ಇಲ್ಲದ ಹೆಂಗಸಿಗೆ ಅಂತ ಅದೇ ಜಾಂಗ್ ಜೋಂಗ್‌ಜಿಂಗ್ ಹೇಳಿದ ಔಷಧಿ. ಇಲ್ಲಿ ಖರ್ಜೂರ ಅಂತ ಕರೆದರೂ ಅದು ಅರಬ್ಬರ ಖರ್ಜೂರ ಅಲ್ಲ, ನಮ್ಮ ಎಲಚಿ ಹಣ್ಣಿನ ಹತ್ತಿರದ ನೆಂಟ. ಇದನ್ನು ಮಾತ್ರ ನಾನು ಪುಡಿಯಲ್ಲಿ ಬೇಡ ಅಂದು ಮನೆಯಲ್ಲೇ ಕುದಿಸಿದೆ. ಗೋಧಿ ಕುದಿಯುವ ವಾಸನೆಗೆ ಮನೆಯೆಲ್ಲ ಪಾಯಸ ಮಾಡಿದ ಹಾಗಿತ್ತು. ಯಾರೋ ನನ್ನನ್ನು ಕೂರಿಸಿ ಉಣ್ಣಿಸುತ್ತಿದ್ದಾರೆ ಅನಿಸಿತು. ಅದು ಔಷಧಿಯ ಗುಣವೋ, ಬಿಸಿ ಲೋಟ ಹಿಡಿದು ಹತ್ತು ನಿಮಿಷ ಸುಮ್ನೆ ಕೂತ ಗುಣವೋ, ನನಗೆ ಬೇರೆ ಮಾಡಿ ಹೇಳಲು ಬರಲ್ಲ.

ಸಾಮಾನು ಅಡುಗೆಮನೆಯದೇ ಆದರೂ ಸಲೀಸಾಗಿ ತೆಗೆದುಕೊಳ್ಳಬಾರದು. ಅತಿಮಧುರ ಜಾಸ್ತಿ ದಿನ ಕುಡಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ನನಗೆ ವಾರಕ್ಕೊಮ್ಮೆ ಬಿಪಿ ನೋಡಿ ಬರೆದಿಡಲು ಹೇಳಿದ್ದರು. ಆರು ವಾರಕ್ಕೆ ನಿಲ್ಲಿಸಿದರು. ಪುಡಿಗಳ ಪಟ್ಟಿಯನ್ನು ಮನೋವೈದ್ಯರಿಗೂ ತೋರಿಸಿ ಒಪ್ಪಿಗೆ ಪಡೆದೆ. ಮಾತ್ರೆ ನಿಲ್ಲಿಸಿ, ನಮ್ಮ ಔಷಧಿ ಸಾಕು ಅಂತ ಯಾವ ಸಿನ್ಸೆಯಾದರೂ, ಯಾವ ಪಂಡಿತರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ದಾವೋ ಕಡೆಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಇಲ್ಲೇ, ಅದೂ ಕಾಸು ಕೊಡದೆ. ನಾಲ್ಕನೇ ಭೇಟಿಯಲ್ಲಿ ಫಿಸಿಶಿಯನ್ ನನ್ನನ್ನು ಒಬ್ಬ ಹಿರಿಯರ ಹತ್ತಿರ ಕಳಿಸಿದರು. ಇಲ್ಲಿನ ಸರ್ಕಾರಿ ಫ್ಲಾಟುಗಳ ಕೆಳಗೆ ಕಂಬಗಳ ನಡುವೆ ಖಾಲಿ ಜಾಗ ಇರುತ್ತದೆ, ವಾಯ್ಡ್ ಡೆಕ್ ಅನ್ನುತ್ತಾರೆ. ಅಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳಕ್ಕೆ ಹತ್ತು ಹನ್ನೆರಡು ಜನ ಸೇರುತ್ತಾರೆ. ಬಹುತೇಕ ಅಜ್ಜಿಯರು. ಕಲಿಸುವವರನ್ನು ನಾವು ಲಾವ್‌ಷಿ ಅನ್ನುತ್ತೇವೆ, ಗುರುಗಳು ಅಂತ. ಅವರು ದಾವೋ ಗುಡಿಗೆ ನಡೆದುಕೊಳ್ಳುವವರು. ಉಪದೇಶ ಮಾಡುವುದಿಲ್ಲ. ಮರದ ಹಾಗೆ ನಿಲ್ಲಿ ಅನ್ನುತ್ತಾರೆ. ಮಂಡಿ ತುಸು ಬಾಗಿರಬೇಕು, ಕೈ ಎದೆಯ ಎದುರು ಮಡಕೆ ಅಪ್ಪಿಕೊಂಡ ಹಾಗೆ. ಅಷ್ಟೇ.

ನಾಲ್ಕನೇ ನಿಮಿಷಕ್ಕೆ ನನ್ನ ತೊಡೆ ನಡುಗಲು ಶುರುವಾಯಿತು. ಅದು ಆಯಾಸದ ನಡುಕ ಅಲ್ಲ ಅಂತ ನನಗೆ ಗೊತ್ತಾಯಿತು. ಅಟ್ಟದ ಮೇಲೆ ಕೂತಾಗ ಬರುತ್ತಿದ್ದ ನಡುಕ ಅದು. ಎಲ್ಲರೂ ಕಣ್ಣು ಮುಚ್ಚಿದ್ದರು. ನನಗೆ ಮುಚ್ಚಲು ಆಗಲಿಲ್ಲ. ಲಾವ್‌ಷಿ ಹತ್ತಿರ ಬಂದು, ಮುಟ್ಟದೆ, ಎದುರಿಗೆ ನನಗೆ ಕಾಣುವ ಹಾಗೆ ನಿಂತು, "ಕಣ್ಣು ತೆರೆದಿರಲಿ. ಆ ಮರ ನೋಡಿ. ನಡುಗಿದರೆ ನಡುಗಲಿ" ಅಂದರು. ಹಿಂದಿನಿಂದ ಬರಲಿಲ್ಲ ಅನ್ನುವುದನ್ನು ಗಮನಿಸಿ. ಯಾರಾದರೂ ಹಿಂದಿನಿಂದ ಬಂದರೆ ನನಗೆ ಏನಾಗುತ್ತದೆ ಅಂತ ನಾನು ಅವರಿಗೆ ಹೇಳಿರಲಿಲ್ಲ. ನಡುಕ ಸುಮಾರು ಹತ್ತು ನಿಮಿಷ ಇತ್ತು. ಆಮೇಲೆ ತಾನಾಗಿ ನಿಂತಿತು. 35 ವರ್ಷದಲ್ಲಿ ಅದು ಪೂರ್ತಿ ನಡುಗಿ ಮುಗಿದದ್ದು ಅವತ್ತೇ ಮೊದಲು. ಅಟ್ಟದ ಮೇಲೆ ನಡುಗಿದರೆ ಹಲಗೆ ಸದ್ದಾಗುತ್ತಿತ್ತು, ಹಾಗಾಗಿ ನಾನು ತಡೆದುಕೊಳ್ಳುತ್ತಿದ್ದೆ.

ನಿಂತ ಮೇಲೆ ಬಾ-ದ್ವಾನ್-ಜಿನ್, ಎಂಟು ರೇಷ್ಮೆ ತುಂಡುಗಳು ಅಂತ ಎಂಟು ವ್ಯಾಯಾಮ. ಕೊನೆಯದರಲ್ಲಿ ತುದಿಗಾಲಲ್ಲಿ ಎದ್ದು ಹಿಮ್ಮಡಿಯನ್ನು ಏಳು ಸಲ ನೆಲಕ್ಕೆ ಕುಕ್ಕುತ್ತಾರೆ. ಆಮೇಲೆ ಆರು ಸದ್ದುಗಳು. ಒಂದೊಂದು ಅಂಗಕ್ಕೆ ಒಂದೊಂದು ಸದ್ದು, ಉಸಿರು ಬಿಡುತ್ತಾ ಹೇಳುವುದು. ಇದನ್ನು ದಾವೋ ಪರಂಪರೆಯ ತಾವ್ ಹೋಂಗ್‌ಜಿಂಗ್ ಹೇಳಿದ್ದು ಅನ್ನುತ್ತಾರೆ. ಮಾವ್‌ಷಾನ್ ಬೆಟ್ಟದಲ್ಲಿ ನೆಲೆಸಿದ್ದ ಅವನ ಕಾಲ 456ರಿಂದ 536. ಶ್ವಾಸಕೋಶಕ್ಕೆ 'ಸ್ಸ್', ಹೃದಯಕ್ಕೆ 'ಹ', ಕಿಡ್ನಿಗೆ ಅಂದರೆ ಹೆದರಿಕೆಗೆ 'ಛುಯಿ'. ಛುಯಿ ಅಂದರೆ ಊದು ಅಂತ ಅರ್ಥ. ತುಟಿ ದುಂಡಗೆ ಮಾಡಿ ಊದಬೇಕು. ನನಗೆ ಮೊದಲು ಬರಲಿಲ್ಲ, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಒಲೆ ಊದುಗೊಳವೆ ನೆನಪಿಸಿಕೊಂಡೆ. ಅಮ್ಮ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಹಿಂದಿನ ರಾತ್ರಿ ಏನೇ ಆಗಿರಲಿ, ಒಲೆ ಮುಂದೆ ಕೂತು ಉದ್ದಕ್ಕೆ ಊದುತ್ತಿದ್ದಳು. ಅದೇ ಉಸಿರು. ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ, ಆದರೂ ದಿನಾ ಬೆಳಿಗ್ಗೆ ಅವಳು ಹೆದರಿಕೆಯನ್ನು ಊದಿ ಹೊರಗೆ ಹಾಕುತ್ತಿದ್ದಳೇನೋ ಅನಿಸಿ ಅಲ್ಲೇ ಕಂಬ ಹಿಡಿದು ನಿಂತುಬಿಟ್ಟೆ.

ಬದಲಾದದ್ದು ಏನು ಅಂತ ಲೆಕ್ಕದವಳ ಹಾಗೆ ಹೇಳುತ್ತೇನೆ. ಗಂಟಲಿನ ಗಂಟು ಪೂರ್ತಿ ಹೋಗಿಲ್ಲ, ದಿನಾ ಇರುತ್ತಿದ್ದದ್ದು ಈಗ ತಿಂಗಳಿಗೆ ಎರಡು ಮೂರು ದಿನ ಬರುತ್ತದೆ. ಹಲ್ಲು ಕಡಿಯುವುದು ಕಮ್ಮಿಯಾಗಿದೆ. ಎರಡು ಗಂಟೆಯ ಎಚ್ಚರ ಈಗಲೂ ವಾರಕ್ಕೆ ಒಂದೆರಡು ರಾತ್ರಿ ಆಗುತ್ತದೆ. ಆದರೆ ಎದ್ದ ತಕ್ಷಣ ಪಾದ ಮುಟ್ಟಿ ನೋಡಿಕೊಳ್ಳುತ್ತೇನೆ, ಬೆಚ್ಚಗಿದ್ದರೆ ಮತ್ತೆ ನಿದ್ದೆ ಬರುತ್ತದೆ. ಬದಲಾಗದ್ದೂ ಇದೆ. ಅಪ್ಪನ ಜೊತೆ ಫೋನಿನಲ್ಲಿ ಎರಡು ನಿಮಿಷದ ಮೇಲೆ ಮಾತಾಡಲು ಆಗಲ್ಲ. ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ಈಗಲೂ ನನ್ನ ಲೆಕ್ಕ ತಪ್ಪುತ್ತದೆ. ಇದಕ್ಕೆಲ್ಲ ಸೂಜಿ ಸಾಲದು, ಕೌನ್ಸೆಲಿಂಗ್ ನಡೆಯುತ್ತಿದೆ.

ಕನ್ನಡ ಗೆಳತಿಯೊಬ್ಬಳು, "ನಮ್ಮ ಆಯುರ್ವೇದ ಬಿಟ್ಟು ಚೀನಾದವರ ಹತ್ತಿರ ಯಾಕೆ ಹೋದೆ?" ಅಂತ ಬೇಜಾರು ಮಾಡಿಕೊಂಡಳು. ಆಯುರ್ವೇದ ಕಮ್ಮಿ ಅಂತ ಹೋದದ್ದಲ್ಲ. ಮನೆಯಿಂದ 20 ನಿಮಿಷದಲ್ಲಿ ಇದು ಸಿಕ್ಕಿತು. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ವೈದ್ಯರ ಹತ್ತಿರ ಹೋದರೆ ಯಾವ ಊರು, ಯಾರ ಮಗಳು ಅಂತ ಕೇಳುತ್ತಾರೆ. ಯಾರ ಮಗಳು ಅಂತ ಹೇಳದೆ ಮಲಗುವ ಒಂದು ಹಾಸಿಗೆ ನನಗೆ ಬೇಕಿತ್ತು.

ಇದಕ್ಕೆ ವಿಜ್ಞಾನದ ಬಲ ಎಷ್ಟು ಅಂತ ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಬಾಲ್ಯದ ಪೆಟ್ಟು ದೊಡ್ಡವರಾದ ಮೇಲೆ ಮೈಗೆ ಕಾಯಿಲೆಯಾಗಿ ಬರಬಹುದು ಅನ್ನುವುದರಲ್ಲಿ ಈಗ ಅನುಮಾನ ಉಳಿದಿಲ್ಲ. 1998ರಲ್ಲಿ ಫೆಲಿಟಿ ಮತ್ತು ಅಂಡಾ ಎಂಬ ವೈದ್ಯರು ಪ್ರಕಟಿಸಿದ ಅಮೆರಿಕದ ಅಧ್ಯಯನ ಇದನ್ನು ಸಾವಿರಾರು ಜನರ ಲೆಕ್ಕ ಹಿಡಿದು ತೋರಿಸಿತು. ಸೂಜಿ ಚಿಕಿತ್ಸೆಯ ಬಗ್ಗೆ 2024ರಲ್ಲಿ ಒಂದು ಪರೀಕ್ಷೆ ಪ್ರಕಟವಾಯಿತು. ಯುದ್ಧ ನೋಡಿ ಬಂದ 93 ಅಮೆರಿಕನ್ ಮಾಜಿ ಸೈನಿಕರಲ್ಲಿ ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ತೋರಿಕೆಯ ಸೂಜಿ. ನಿಜವಾದದ್ದು ಪಡೆದವರ ತೊಂದರೆ ಜಾಸ್ತಿ ಇಳಿಯಿತು. ಆದರೆ ಅದು ಯುದ್ಧದ ಗಾಯ, ದೊಡ್ಡವರಾದ ಮೇಲೆ ಆದದ್ದು. ಮನೆಯೊಳಗೆ, ಮಗುವಾಗಿದ್ದಾಗ, ವರ್ಷಗಟ್ಟಲೆ ಆದದ್ದಕ್ಕೆ ಅದೇ ಲೆಕ್ಕ ಹಾಕಲು ನಾನು ತಯಾರಿಲ್ಲ.

ಖರ್ಚು: ಮೊದಲ ಭೇಟಿಗೆ 95 ಡಾಲರ್, ಆಮೇಲೆ 18 ಸಲ 70ರಂತೆ, ಔಷಧಿಗೆ ಬೇರೆ 480. ಒಟ್ಟು 1835 ಸಿಂಗಾಪುರ ಡಾಲರ್. ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಕಮ್ಮಿ ಅಲ್ಲ. ಅಷ್ಟು ಆಗದವರಿಗೆ ಇಲ್ಲಿ ಥೋಂಗ್ ಚಾಯ್ ಅಂತ ಒಂದು ಸಂಸ್ಥೆ ಇದೆ. ಜನಾಂಗ, ಧರ್ಮ ನೋಡದೆ ಬಡವರಿಗೆ ಉಚಿತವಾಗಿ ಚಿಕಿತ್ಸೆ ಕೊಡಲು 1867ರಲ್ಲಿ ಶುರು ಮಾಡಿದ್ದು. ಊರಲ್ಲಿರುವವರು ಚೀನೀ ವೈದ್ಯರನ್ನು ಹುಡುಕಿಕೊಂಡು ಅಲೆಯಬೇಡಿ. ರಾತ್ರಿ ತಡೆಯಲಾರದ ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಹೋಗುವವರಿಗೆ ಎರಡು ಮಾತು. ಮಂಡಿವರೆಗೆ ಮಡಚಲು ಬರುವ ಸಡಿಲ ಪೈಜಾಮ ಹಾಕಿಕೊಳ್ಳಿ, ಹೊಟ್ಟೆಗೆ ಏನಾದರೂ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿಸಿಕೊಂಡರೆ ತಲೆ ಸುತ್ತುತ್ತದೆ. ಕಾವಿನ ಹೊಗೆ ಬಟ್ಟೆಗೆ ಹಿಡಿಯುತ್ತದೆ, ಹಾಗಾಗಿ ಅಲ್ಲಿಂದ ನೇರ ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗಬೇಡಿ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅಟ್ಟದ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿದವರಲ್ಲ. ಹೋದ ತಿಂಗಳು ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ತುಂಬಾ ಹೊತ್ತು ಅವನ ದನಿಯೇ ಇಲ್ಲ. ಆಮೇಲೆ, "ಅಕ್ಕಾ, ನಂಗೂ ಕಾಲು ತಣ್ಣಗೇ ಇರುತ್ತೆ" ಅಂದ. ಡಿಸೆಂಬರ್‌ನಲ್ಲಿ ಹತ್ತು ದಿನಕ್ಕೆ ಇಲ್ಲಿಗೆ ಬರುತ್ತಿದ್ದಾನೆ. ಶನಿವಾರ 11ರ ನನ್ನ ಸರದಿಯನ್ನು ಅವನ ಹೆಸರಿಗೆ ಬರೆಸಿದ್ದೇನೆ. ಪಕ್ಕದ ಹಾಸಿಗೆ ಖಾಲಿ ಇರುತ್ತದೆ. ನಾನು ಅಲ್ಲಿ ಕೂತಿರುತ್ತೇನೆ.